ಯಾರೂ ಮೀಟದ ಗಾಂಧಾರ

ಸಂಗೀತ ಕಛೇರಿಗೆ ಕಾಲು ಗಂಟೆ ಮುಂಚಿತವಾಗಿಯೇ ಹೋಗಿ ಕೂರುವ ಅಭ್ಯಾಸವಿರುವವರು ಒಂದು ದೃಶ್ಯವನ್ನು ನೋಡಿಯೇ ಇರುತ್ತಾರೆ. ವೇದಿಕೆಯ ಹಿಂಬದಿಯಲ್ಲಿ ತಂಬೂರಿ ಹಿಡಿದ ಶಿಷ್ಯನೋ ಶಿಷ್ಯೆಯೋ ಕಣ್ಣು ಮುಚ್ಚಿಕೊಂಡು, ಬಿರಡೆಯನ್ನು ಕೂದಲೆಳೆಯಷ್ಟು ತಿರುಗಿಸುತ್ತ, ಕುದುರೆಯ ಮೇಲಿನ ನೂಲನ್ನು ಅತ್ತ ಇತ್ತ ಸರಿಸುತ್ತ ಕುಳಿತಿರುತ್ತಾರೆ. ಮೈಕಿನವರಿಗೆ ಅವಸರ. ಸಭೆಯ ಕಾರ್ಯದರ್ಶಿಗಳು ಗಡಿಯಾರ ನೋಡುತ್ತಿರುತ್ತಾರೆ. ತಂಬೂರಿಯವರಿಗೆ ಮಾತ್ರ ಯಾವ ಅವಸರವೂ ಇಲ್ಲ. ನೂಲು ಸರಿಯಾದ ಜಾಗಕ್ಕೆ ಬಂದ ಕ್ಷಣ ತಂತಿಯ ಒಣ ದನಿ ಹೋಗಿ, ಜೇನುಗೂಡಿನ ಝೇಂಕಾರದಂಥ ತುಂಬು ನಾದವೊಂದು ಸಭಾಂಗಣವನ್ನೆಲ್ಲ ಆವರಿಸುತ್ತದೆ.

ಆಗ ಕಿವಿಗೊಟ್ಟು ಕೇಳಿ. ತಂಬೂರಿಯಲ್ಲಿರುವುದು ನಾಲ್ಕು ತಂತಿ. ಸಾಮಾನ್ಯವಾಗಿ ಒಂದನ್ನು ಪಂಚಮಕ್ಕೂ ಉಳಿದ ಮೂರನ್ನು ಷಡ್ಜಕ್ಕೂ ಕೂಡಿಸಿರುತ್ತಾರೆ. ಆದರೆ ಆ ನಾಲ್ಕೂ ತಂತಿಗಳಿಗೆ ಸೇರದ ಇನ್ನೊಂದು ಸ್ವರ, ಅಂತರ ಗಾಂಧಾರ, ಮೇಲೆಲ್ಲೋ ತೇಲುತ್ತಿರುತ್ತದೆ. ಅದನ್ನು ಯಾರೂ ಮೀಟಿಲ್ಲ. ಸಂಗೀತಗಾರರು ಅದಕ್ಕೆ ಸ್ವಯಂಭೂ ಗಾಂಧಾರ ಎಂದು ಹೆಸರಿಟ್ಟಿದ್ದಾರೆ. ಯಾರೂ ಕಡೆಯದೆ ತಾನಾಗಿ ಮೂಡಿದ ಶಿವಲಿಂಗಕ್ಕೆ ನಾವು ಹೇಳುವ ಮಾತನ್ನೇ ಅವರು ಒಂದು ಸ್ವರಕ್ಕೂ ಹೇಳಿದರು.

ಸಂಗೀತದಲ್ಲಿ ವಿಜ್ಞಾನವೂ ಅಧ್ಯಾತ್ಮವೂ ಸಂಧಿಸುತ್ತವೆ ಎಂಬ ಮಾತು ಈಗ ಎಲ್ಲರ ಬಾಯಲ್ಲಿದೆ. ಸಂಧಿಸುತ್ತವೆ ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಎಲ್ಲಿ ಸಂಧಿಸುತ್ತವೆ ಎಂಬುದರಲ್ಲಿ ಮಾತ್ರ ಸ್ವಲ್ಪ ತಕರಾರಿದೆ. ಆದ್ದರಿಂದ ಈ ಗಾಂಧಾರವನ್ನೇ ಹಿಡಿದು ಹೊರಡೋಣ.

ತಂತಿಯೊಳಗಿನ ತಂತಿಗಳು

ಲೆಕ್ಕಕ್ಕೆ ಸುಲಭವಾಗಲೆಂದು, ಮಂದ್ರ ಷಡ್ಜದ ತಂತಿ ಸೆಕೆಂಡಿಗೆ 100 ಸಲ ಕಂಪಿಸುತ್ತದೆ ಎಂದು ಇಟ್ಟುಕೊಳ್ಳಿ. ತಂತಿ ಇಡಿಯಾಗಿ ಮಾತ್ರ ಕಂಪಿಸುವುದಿಲ್ಲ. ಅದೇ ಹೊತ್ತಿನಲ್ಲಿ ಎರಡು ತುಂಡಾಗಿ, ಮೂರು ತುಂಡಾಗಿ, ನಾಲ್ಕು, ಐದು ತುಂಡಾಗಿಯೂ ಕಂಪಿಸುತ್ತಿರುತ್ತದೆ. ಎರಡು ತುಂಡಿನ ಕಂಪನ 200, ಅದು ಮಧ್ಯ ಷಡ್ಜ. ಮೂರರದು 300, ಅದು ಪಂಚಮ. ನಾಲ್ಕರದು 400, ತಾರ ಷಡ್ಜ. ಐದರದು 500. ಷಡ್ಜ 400 ಆದಾಗ 500 ಎಂದರೆ ನಾಲ್ಕಕ್ಕೆ ಐದರ ಪ್ರಮಾಣ. ಅದೇ ನಮ್ಮ ಅಂತರ ಗಾಂಧಾರ. ಮುಖ್ಯ ಸ್ವರದ ಜೊತೆ ಹುಟ್ಟುವ ಇವುಗಳನ್ನು ಉಪಸ್ವರಗಳು ಎನ್ನೋಣ. ಏಳನೆಯ ಉಪಸ್ವರ 700 ಮಾತ್ರ ಕೈಶಿಕಿ ನಿಷಾದಕ್ಕಿಂತ ತುಸು ಕೆಳಗೆ ಬಿದ್ದು, ನಮ್ಮ ಯಾವ ನಿಷಾದಕ್ಕೂ ಸರಿಯಾಗಿ ಕೂಡುವುದಿಲ್ಲ. ಪ್ರಕೃತಿ ನಮ್ಮ ರಾಗಗಳನ್ನು ಕೇಳಿಕೊಂಡು ತಂತಿಯನ್ನು ರೂಪಿಸಿಲ್ಲವಲ್ಲ!

ಹಾರ್ಮೋನಿಯಂ ಇದ್ದವರು ಇನ್ನೊಂದು ಪರೀಕ್ಷೆ ಮಾಡಬಹುದು. ಅದರಲ್ಲಿ ಸ್ಥಾಯಿಯನ್ನು ಹನ್ನೆರಡು ಸಮಪಾಲು ಮಾಡಿರುವುದರಿಂದ ಇದೇ ಗಾಂಧಾರ 500ರ ಬದಲು ಸುಮಾರು 504ಕ್ಕೆ ಬರುತ್ತದೆ. ತಂಬೂರಿಯ ಗಾಂಧಾರದೊಡನೆ ಅದನ್ನು ನುಡಿಸಿದರೆ ಸೆಕೆಂಡಿಗೆ ನಾಲ್ಕು ಸಲ ‘ವಂಯ್ ವಂಯ್’ ಎಂದು ದನಿ ಏರಿಳಿಯುತ್ತದೆ. ಆಕಾಶವಾಣಿಯು 1940ರಲ್ಲಿ ಹಾರ್ಮೋನಿಯಂ ಅನ್ನು ನಿಷೇಧಿಸಿ ಮೂರು ದಶಕ ಹೊರಗಿಟ್ಟದ್ದಕ್ಕೆ ಈ ಅಪಸ್ವರವೂ ಒಂದು ಕಾರಣವಾಗಿತ್ತು.

ಆದರೆ ಉಪಸ್ವರಗಳು ಎಲ್ಲ ತಂತಿಯಲ್ಲೂ ಇರುತ್ತವೆ. ಶಾಲೆಯ ಪ್ರಯೋಗಾಲಯದ ಸೊನೋಮೀಟರ್ ತಂತಿಯಲ್ಲೂ ಇವೆ; ಅಲ್ಲಿ ಬರಿಗಿವಿಗೆ ಗಾಂಧಾರ ಕೇಳಿಸುವುದಿಲ್ಲ. ತಂಬೂರಿಯಲ್ಲೇ ಏಕೆ ಇಷ್ಟು ಸ್ಪಷ್ಟ? ಗುಟ್ಟು ಇರುವುದು ಆ ನೂಲಿನಲ್ಲಿ. ತಂಬೂರಿಯ ಕುದುರೆ ಪಿಟೀಲಿನದರಂತೆ ಚೂಪಲ್ಲ. ಅಗಲವಾಗಿ, ಮೇಲ್ಮೈ ಸ್ವಲ್ಪ ಬಾಗಿಕೊಂಡಿರುತ್ತದೆ. ತಂತಿಯ ಕೆಳಗೆ ನೂಲು ತೂರಿಸಿ ಸರಿಯಾದ ಜಾಗದಲ್ಲಿ ನಿಲ್ಲಿಸಿದರೆ ತಂತಿ ಪ್ರತಿ ಕಂಪನದಲ್ಲೂ ಆ ಬಾಗಿದ ಮೈಯನ್ನು ಸವರಿ ಸವರಿ ಮೇಲೇಳುತ್ತದೆ. ಆ ಸವರುವಿಕೆಯಲ್ಲಿ ಶಕ್ತಿಯು ಮೇಲಿನ ಉಪಸ್ವರಗಳಿಗೆ ಮತ್ತೆ ಮತ್ತೆ ಹರಿಯುತ್ತದೆ. ನೂಲಿಗೆ ನಮ್ಮವರು ಇಟ್ಟ ಹೆಸರು ಜೀವಾಳಿ. ಹಿಂದುಸ್ತಾನಿಯವರದು ಜವಾರಿ. ನೂಲು ತೆಗೆದರೆ ತಂಬೂರಿಯ ಜೀವ ಹೋಯಿತೆಂದೇ ಲೆಕ್ಕ.

ಇದನ್ನು ಮೊದಲು ಭೌತವಿಜ್ಞಾನದ ಕಣ್ಣಿನಿಂದ ನೋಡಿದವರು ಸರ್ ಸಿ.ವಿ. ರಾಮನ್. ಅವರ ಹೆಸರು ಕೇಳಿದೊಡನೆ ನಮಗೆ ಬೆಳಕಿನ ಚೆದರುವಿಕೆ, 1930ರ ನೊಬೆಲ್ ಪಾರಿತೋಷಕ ನೆನಪಾಗುತ್ತವೆ. ಅದಕ್ಕೂ ಮೊದಲು ಕಲ್ಕತ್ತೆಯ ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್ ಸಂಸ್ಥೆಯಲ್ಲಿ ಅವರು ವರ್ಷಗಟ್ಟಲೆ ಕೆಲಸ ಮಾಡಿದ್ದು ತಂತಿ, ಪಿಟೀಲು, ಮೃದಂಗ, ವೀಣೆಗಳ ಮೇಲೆ. ಅವರ ಪತ್ನಿ ಲೋಕಸುಂದರಿಯವರು ವೀಣೆ ನುಡಿಸಬಲ್ಲವರಾಗಿದ್ದರು. ಯಂಗ್ ಮತ್ತು ಹೆಲ್ಮ್‌ಹೋಲ್ಟ್ಸ್ ಹೆಸರಿನ ನಿಯಮವೊಂದಿದೆ: ಯಾವ ಉಪಸ್ವರ ತಂತಿಯ ಯಾವ ಬಿಂದುವಿನಲ್ಲಿ ಅಲುಗದೆ ನಿಲ್ಲುತ್ತದೋ ಆ ಬಿಂದುವಿನಲ್ಲಿ ಮೀಟಿದರೆ ಆ ಉಪಸ್ವರ ಹುಟ್ಟಕೂಡದು. ಉದಾಹರಣೆಗೆ, ನಟ್ಟನಡುವೆ ಮೀಟಿದರೆ ಎರಡು, ನಾಲ್ಕು, ಆರನೆಯವು ಇರಬಾರದು. 1921ರಲ್ಲಿ ಪ್ರಕಟವಾದ ಲೇಖನದಲ್ಲಿ ರಾಮನ್ ತೋರಿಸಿದ್ದೇನೆಂದರೆ, ವೀಣೆ ಮತ್ತು ತಂಬೂರಿಗಳು ಈ ನಿಯಮಕ್ಕೆ ಸೊಪ್ಪು ಹಾಕುವುದಿಲ್ಲ. ಇರಬಾರದ ಉಪಸ್ವರವೇ ಅಲ್ಲಿ ಗಟ್ಟಿಯಾಗಿ ಕೇಳಿಸುತ್ತದೆ. ನಿಯಮ ತಪ್ಪೆಂದಲ್ಲ. ಅದು ಚೂಪು ಕುದುರೆಯ ತಂತಿಗೆ ಹೇಳಿದ ನಿಯಮ. ಬಾಗಿದ ಕುದುರೆಯನ್ನೂ ನೂಲನ್ನೂ ಕಂಡುಕೊಂಡ ನಮ್ಮ ಕುಶಲಕರ್ಮಿಗಳು ಸೂತ್ರಗಳಿಲ್ಲದೆ ಕಿವಿಯೊಂದನ್ನೇ ನಂಬಿ ಅದನ್ನು ದಾಟಿದ್ದರು.

ಕರಣೆಯ ಗುಟ್ಟು

ಮೃದಂಗದ ಕಥೆ ಇನ್ನೂ ಸ್ವಾರಸ್ಯಕರ. ಬಿಗಿದ ಚರ್ಮ ತಂತಿಯಷ್ಟು ವಿಧೇಯವಲ್ಲ. ದುಂಡಗಿನ ಚರ್ಮದ ಉಪಸ್ವರಗಳು ಮೂಲ ಸ್ವರದ 1.59, 2.14, 2.30, 2.65 ಪಟ್ಟು ಹೀಗೆ ಅಡ್ಡಾದಿಡ್ಡಿಯಾಗಿ ಬರುತ್ತವೆ. ಒಂದಕ್ಕೊಂದು ಹೊಂದಿಕೆಯಿಲ್ಲ. ಅದಕ್ಕೇ ಎಷ್ಟೋ ಬಗೆಯ ನಗಾರಿಗಳಲ್ಲಿ ಸದ್ದಿದೆ, ಸ್ವರವಿಲ್ಲ. ಮೃದಂಗದ ಬಲಮುಖದಲ್ಲಿ ಮಾತ್ರ ಷಡ್ಜವನ್ನು ಕೂಡಿಸಬಹುದು. 1920ರಲ್ಲಿ ರಾಮನ್ ಮತ್ತು ಶಿವಕಾಳಿ ಕುಮಾರ್ ‘ನೇಚರ್’ ಪತ್ರಿಕೆಯಲ್ಲಿ ಬರೆದ ಚಿಕ್ಕ ಲೇಖನದಲ್ಲಿ ಇದರ ಕಾರಣವನ್ನು ಮುಂದಿಟ್ಟರು. ಬೆಂಗಳೂರಿಗೆ ಬಂದ ಮೇಲೆ, 1934ರಲ್ಲಿ, ರಾಮನ್ ವಿವರವಾಗಿ ಬರೆದರು. ಚರ್ಮದ ಮೇಲೆ ನಯವಾದ ಮರಳು ಉದುರಿಸಿ ಬಾರಿಸಿದಾಗ, ಅಲುಗದ ಗೆರೆಗಳ ಮೇಲೆ ಮರಳು ಸಾಲುಗಟ್ಟಿ ನಿಲ್ಲುತ್ತದೆ. ಆ ಚಿತ್ರಗಳನ್ನು ಓದಿ ಅವರು ಕಂಡದ್ದು: ನಡುವೆ ಹಚ್ಚಿದ ಕಪ್ಪು ಕರಣೆಯ ಭಾರದಿಂದಾಗಿ ಚರ್ಮದ ಒಂಬತ್ತು ಬಗೆಯ ಕಂಪನಗಳು ಐದು ಗುಂಪಾಗಿ ಸೇರಿ ಒಂದು, ಎರಡು, ಮೂರು, ನಾಲ್ಕು, ಐದು ಎಂಬ ತಂತಿಯ ಲೆಕ್ಕಕ್ಕೇ ಬಂದು ಕೂರುತ್ತವೆ. ಅಂದರೆ ಮೃದಂಗದೊಳಗೂ ಅದೇ ಐದನೆಯದು, ಅದೇ ಗಾಂಧಾರ!

ಕರಣೆ ಎಂದರೆ ಏನು? ಕಬ್ಬಿಣದ ಅಂಶವಿರುವ ಕಪ್ಪು ಕಲ್ಲಿನ ನುಣ್ಣನೆ ಪುಡಿ ಮತ್ತು ಅನ್ನ. ಇದನ್ನು ಕಲಸಿ, ಪದರದ ಮೇಲೆ ಪದರ ಹಚ್ಚಿ, ಪ್ರತಿ ಪದರವನ್ನೂ ಕಲ್ಲಿನಿಂದ ಉಜ್ಜಿ, ಕಿವಿಗೊಟ್ಟು, ಮತ್ತೆ ಹಚ್ಚಬೇಕು. ಗಂಟೆಗಟ್ಟಲೆಯ ಕೆಲಸ. ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋದರೆ ತಪ್ಪಾಗುತ್ತದೆ. ಮೃದಂಗಕ್ಕೆ ಹಸು, ಮೇಕೆ, ಎಮ್ಮೆಗಳ ಚರ್ಮ ಬೇಕು. ಅದನ್ನು ಹದ ಮಾಡಿ, ಹೊಲಿದು, ಸ್ವರ ಕೂಡಿಸಿಕೊಟ್ಟವರಲ್ಲಿ ಬಹುಪಾಲು ಮಂದಿ ತಲೆಮಾರುಗಳಿಂದ ದೇವಸ್ಥಾನದ ಹೊರಗೇ ನಿಲ್ಲಬೇಕಾಗಿದ್ದ ಜನ. ಗಾಯಕ ಟಿ.ಎಂ. ಕೃಷ್ಣ ಅವರು 2020ರಲ್ಲಿ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕದಲ್ಲಿ ಈ ಕುಟುಂಬಗಳ ಚರಿತ್ರೆಯನ್ನು ಬರೆದಿದ್ದಾರೆ. ನಾದವೇ ಬ್ರಹ್ಮ ಎಂದು ಒಳಗೆ ಹಾಡುತ್ತಿದ್ದಾಗ ಆ ನಾದವನ್ನು ಕೂಡಿಸಿಕೊಟ್ಟ ಕಿವಿ ಹೊರಗಿತ್ತು. ಸಾಮರಸ್ಯದ ಬಗ್ಗೆ ಬರೆಯುವ ನಮ್ಮಂಥವರು ಈ ಅಪಸ್ವರವನ್ನು ಕೇಳಿಸಿಕೊಳ್ಳದೆ ಇರುವಂತಿಲ್ಲ.

ಸಂಖ್ಯೆಯಲ್ಲ, ಸಂಬಂಧ

ಈಗ ನನ್ನ ತಕರಾರಿಗೆ ಬರುತ್ತೇನೆ. 432 ಹರ್ಟ್ಸ್‌ನಲ್ಲಿ ದೈವಿಕ ಶಕ್ತಿಯಿದೆ, 528ರಲ್ಲಿ ರೋಗ ವಾಸಿಯಾಗುತ್ತದೆ ಎಂಬ ಧ್ವನಿಮುದ್ರಿಕೆಗಳು ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿವೆ. ಹರ್ಟ್ಸ್ ಎಂದರೆ ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ, ಅಷ್ಟೆ. ದಿನವನ್ನು 86,400 ಸೆಕೆಂಡುಗಳಾಗಿ ಸೀಳಿದವರು ಮನುಷ್ಯರು. ನಮ್ಮ ಪಂಚಾಂಗದ ಲೆಕ್ಕದಲ್ಲಿ ದಿನಕ್ಕೆ 60 ಘಳಿಗೆ, ಘಳಿಗೆಗೆ 60 ವಿಘಳಿಗೆ. ಒಂದು ವಿಘಳಿಗೆಗೆ 24 ಸೆಕೆಂಡು. ಆ ಲೆಕ್ಕದಲ್ಲಿ ಅದೇ 432ರ ಸ್ವರ ವಿಘಳಿಗೆಗೆ 10,368 ಕಂಪನವಾಗುತ್ತದೆ. ದೈವಿಕ ಶಕ್ತಿ ಸ್ವರದಲ್ಲಿದ್ದರೆ ಅಳತೆಗೋಲು ಬದಲಾದಾಗ ಸಂಖ್ಯೆಯ ಮಹಿಮೆ ಎಲ್ಲಿ ಹೋಯಿತು?

ನಮ್ಮ ಸಂಗೀತ ಈ ಸಂಖ್ಯೆಗಳಿಗೆ ಎಂದೂ ಜೋತುಬಿದ್ದಿಲ್ಲ. ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಒಬ್ಬರ ಶ್ರುತಿ ಬಿಳಿ ಒಂದು, ಇನ್ನೊಬ್ಬರದು ಕಪ್ಪು ಮೂರು. ಅವರವರ ಕಂಠಕ್ಕೆ ಒಗ್ಗಿದ್ದೇ ಅವರ ಷಡ್ಜ. ಒಮ್ಮೆ ಷಡ್ಜವನ್ನು ಆರಿಸಿಕೊಂಡ ಮೇಲೆ ಪಿಟೀಲು, ಮೃದಂಗ, ಘಟ ಎಲ್ಲವೂ ಅದಕ್ಕೆ ಶರಣಾಗಬೇಕು. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವ ಅರಸರ ಆಶ್ರಯದಲ್ಲಿದ್ದ ಶಾರ್ಙ್ಗದೇವನ ‘ಸಂಗೀತ ರತ್ನಾಕರ’ದಲ್ಲಿ, ನಾದವು ಹೃದಯದಲ್ಲಿ ಮಂದ್ರ, ಕಂಠದಲ್ಲಿ ಮಧ್ಯ, ಶಿರಸ್ಸಿನಲ್ಲಿ ತಾರವೆಂದೂ ಒಂದೊಂದೂ ಹಿಂದಿನದರ ಇಮ್ಮಡಿ ಎಂದೂ ಹೇಳಿದೆ. ಇಮ್ಮಡಿ ಎಂಬುದು ಸಂಬಂಧ. ಶ್ರುತಿಗಳನ್ನು ಪರೀಕ್ಷಿಸಲು ಅವನು ಹೇಳಿದ ಕ್ರಮವನ್ನು ನಾನು ಒಂಬತ್ತನೇ ತರಗತಿಯ ಮಕ್ಕಳಿಗೆ ಹೇಳುವುದುಂಟು: ಒಂದೇ ತೆರನಾದ ಎರಡು ವೀಣೆ ತೆಗೆದುಕೊಳ್ಳಬೇಕು, ಒಂದು ಧ್ರುವ ವೀಣೆ, ಅದರ ಶ್ರುತಿಯನ್ನು ಮುಟ್ಟಕೂಡದು, ಇನ್ನೊಂದು ಚಲ ವೀಣೆ, ಅದನ್ನು ಹಂತಹಂತವಾಗಿ ಇಳಿಸುತ್ತ ಮೊದಲಿನದರೊಡನೆ ಹೋಲಿಸಬೇಕು. ಇಂದಿನ ಪ್ರಯೋಗಾಲಯದಲ್ಲಿ ಬೇರೇನು ಮಾಡುತ್ತೇವೆ? ಆಹತ, ಅನಾಹತ ನಾದಗಳ ಮಾತೂ ಅದೇ ಗ್ರಂಥದಲ್ಲಿದೆ. ಬಡಿದಾಗ ಹುಟ್ಟುವ ಆಹತವನ್ನು ಅಳೆಯಬಹುದು. ಯೋಗಿಗಳು ಒಳಗೆ ಕೇಳುತ್ತಾರೆನ್ನುವ ಅನಾಹತವನ್ನು ಅಳೆಯಲು ನನ್ನ ಬಳಿ ಉಪಕರಣವಿಲ್ಲ. ಅಳೆದೆನೆಂದು ಗ್ರಂಥವೂ ಹೇಳುವುದಿಲ್ಲ. ಈ ಗೆರೆಯನ್ನು ಹಿರಿಯರು ಅಳಿಸಿರಲಿಲ್ಲ, ನಾವು ಅಳಿಸುತ್ತಿದ್ದೇವೆ.

‘ಸೂರ್ಯ ಓಂ ಎನ್ನುತ್ತಾನಂತೆ, ನಾಸಾದವರು ರೆಕಾರ್ಡ್ ಮಾಡಿದ್ದಾರಂತೆ, ನಿಜವೇ ಸಾರ್?’ ಎಂದು ವಿದ್ಯಾರ್ಥಿಯೊಬ್ಬ ಕೇಳಿದ. ನಾನು ಕರಿಹಲಗೆಯ ಮೇಲೆ ಲೆಕ್ಕ ಮಾಡಿಸಿದೆ. ಸೂರ್ಯ ಕಂಪಿಸುತ್ತಾನೆ, ಅದು ನಿಜ. 1960ರ ದಶಕದ ಆರಂಭದಲ್ಲಿ ರಾಬರ್ಟ್ ಲೈಟನ್ ಮತ್ತು ಸಂಗಡಿಗರು ಅದನ್ನು ಕಂಡುಹಿಡಿದರು. ಸೂರ್ಯನ ಮೇಲ್ಮೈ ಸುಮಾರು ಐದು ನಿಮಿಷಕ್ಕೊಮ್ಮೆ ಉಬ್ಬಿ ತಗ್ಗುತ್ತದೆ. ಐದು ನಿಮಿಷ ಎಂದರೆ 300 ಸೆಕೆಂಡು, ಆವೃತ್ತಿ 0.0033 ಹರ್ಟ್ಸ್. ನಮ್ಮ ಕಿವಿಗೆ ಕೇಳಲು ಕನಿಷ್ಠ 20 ಬೇಕು. ಸಾಲದ್ದಕ್ಕೆ ನಡುವಿನ ನಿರ್ವಾತದಲ್ಲಿ ಶಬ್ದ ಸಾಗುವುದೇ ಇಲ್ಲ. ಸೋಹೋ ಉಪಗ್ರಹವು ಬೆಳಕಿನ ಮೂಲಕ ಅಳೆದ ನಲವತ್ತು ದಿನಗಳ ಕಂಪನವನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು 42,000 ಪಟ್ಟು ವೇಗಗೊಳಿಸಿ ಧ್ವನಿಯಾಗಿ ಮಾರ್ಪಡಿಸಿದರು. 0.0033ನ್ನು 42,000ದಿಂದ ಗುಣಿಸಿ: ಸುಮಾರು 140. ಗಂಡಸಿನ ಷಡ್ಜದ ಆಸುಪಾಸಿನ ಒಂದು ಗುಂಯ್‌ಗುಡುವ ದನಿ. ಅದನ್ನು ಓಂ ಎಂದು ಕೇಳಿಸಿಕೊಳ್ಳುವುದು ನಮ್ಮ ಕಿವಿಯ ಸ್ವಾತಂತ್ರ್ಯ. ಆದರೆ ಆ ಕಂಪನಗಳಿಂದ ವಿಜ್ಞಾನಿಗಳು ಸೂರ್ಯನ ಒಡಲೊಳಗಿನ ಉಷ್ಣತೆ, ಸಾಂದ್ರತೆಗಳನ್ನು ಅಳೆದರಲ್ಲ, ಮಡಕೆಯನ್ನು ಬಡಿದು ಬಿರುಕು ಪತ್ತೆ ಹಚ್ಚುವ ಹಾಗೆ! ನಿಜವಾದ ಅದ್ಭುತ ಅದು. ಯಾವ ಮೊಬೈಲ್ ಸಂದೇಶವೂ ಅದನ್ನು ಹೇಳುವುದಿಲ್ಲ.

ಶನಿಯ ಗಾಂಧಾರ

ಹಾಗಾದರೆ ಭಕ್ತಿಗೂ ಲೆಕ್ಕಕ್ಕೂ ಸಂಬಂಧವೇ ಇಲ್ಲವೆ? ಇದೆ. ಅದಕ್ಕೆ ಜೊಹಾನ್ಸ್ ಕೆಪ್ಲರನಿಗಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. ಪಾದ್ರಿಯಾಗಲೆಂದು ಓದಿದವನು. ದೇವರು ಗ್ರಹಗಳನ್ನು ಸಂಗೀತದ ಪ್ರಮಾಣದಲ್ಲೇ ಚಲಿಸುವಂತೆ ಮಾಡಿದ್ದಾನೆ ಎಂದು ದೃಢವಾಗಿ ನಂಬಿದ್ದವನು. 1618ರಲ್ಲಿ ಪುಟ್ಟ ಮಗಳು ತೀರಿಕೊಂಡಿದ್ದಳು. ತಾಯಿಯ ಮೇಲೆ ಮಾಟಗಾತಿ ಎಂಬ ಆರೋಪ ಹೊರಿಸಿ ಮೊಕದ್ದಮೆ ನಡೆಯುತ್ತಿತ್ತು. ಯೂರೋಪಿನಲ್ಲಿ ಮೂವತ್ತು ವರ್ಷಗಳ ಯುದ್ಧ ಶುರುವಾಗುತ್ತಿತ್ತು. ಆ ವರ್ಷ ಅವನು ‘ವಿಶ್ವದ ಸಾಮರಸ್ಯ’ ಎಂಬ ಗ್ರಂಥವನ್ನು ಬರೆಯುತ್ತಿದ್ದ.

ಸೂರ್ಯನಿಂದ ನೋಡಿದರೆ ಶನಿಗ್ರಹ ದಿನಕ್ಕೆ ಎಷ್ಟು ಕೋನ ಸರಿಯುತ್ತದೆ ಎಂದು ಅವನು ಲೆಕ್ಕ ಹಾಕಿದ. ಅತಿ ದೂರದಲ್ಲಿದ್ದಾಗ 106 ವಿಕಲೆ, ಅತಿ ಹತ್ತಿರದಲ್ಲಿದ್ದಾಗ 135. ಇದು ನಾಲ್ಕಕ್ಕೆ ಐದರ ಪ್ರಮಾಣಕ್ಕೆ ಬಹು ಸಮೀಪ. ಅಂದರೆ ಶನಿಮಹಾರಾಜರು ಷಡ್ಜದಿಂದ ಅಂತರ ಗಾಂಧಾರಕ್ಕೆ ಏರಿ ಇಳಿಯುತ್ತಾರೆ. ಏರಲು ಹದಿನೈದು ವರ್ಷ, ಇಳಿಯಲು ಹದಿನೈದು ವರ್ಷ! (ಸಾಡೇಸಾತಿಯವರು ಇದನ್ನಾದರೂ ನೆನೆದು ಸಮಾಧಾನಪಟ್ಟುಕೊಳ್ಳಬಹುದು.) ಭೂಮಿಯದು 15ಕ್ಕೆ 16, ಕೇವಲ ಅರ್ಧ ಸ್ವರ.

ಈ ಗ್ರಹಸಂಗೀತ ವಿಜ್ಞಾನವಾಗಿ ಉಳಿಯಲಿಲ್ಲ. ಆದರೆ ಅದನ್ನು ಹುಡುಕುತ್ತಿದ್ದಾಗಲೇ, 1618ರ ಮೇ 15ರಂದು, ಅವನಿಗೆ ಮೂರನೆಯ ನಿಯಮ ದೊರೆಯಿತು. 1619ರಲ್ಲಿ ಅದೇ ಗ್ರಂಥದಲ್ಲಿ ಅಚ್ಚಾಯಿತು. ಗ್ರಹದ ವರ್ಷದ ವರ್ಗವೂ ಸೂರ್ಯನಿಂದ ಅದರ ದೂರದ ಘನವೂ ಒಂದೇ ಪ್ರಮಾಣದಲ್ಲಿರುತ್ತವೆ. ಶನಿಯ ದೂರ ಭೂಮಿಯದರ 9.54 ಪಟ್ಟು, ಅವಧಿ 29.46 ವರ್ಷ. ಮೊದಲನೆಯದರ ಘನ 868, ಎರಡನೆಯದರ ವರ್ಗ 868. ಬೇಕಾದರೆ ಕ್ಯಾಲ್ಕುಲೇಟರ್ ತೆಗೆದುಕೊಳ್ಳಿ. ಇಂದು ಉಪಗ್ರಹ ಹಾರಿಸುವವರೆಲ್ಲ ಇದೇ ನಿಯಮವನ್ನು ಬಳಸುತ್ತಾರೆ. ಕೆಪ್ಲರನನ್ನು ಹುಡುಕಲು ಹಚ್ಚಿದ್ದು ಶ್ರದ್ಧೆ. ಸಿಕ್ಕಿದ್ದು ಸರಿಯೆ ಎಂದು ಒರೆ ಹಚ್ಚಿದ್ದು ಟೈಕೊ ಬ್ರಾಹೆಯ ವೀಕ್ಷಣೆಯ ಅಂಕಿಗಳು. ಅಂಕಿಗೆ ಹೊಂದದಿದ್ದಾಗ ಅವನು ತನ್ನ ಪ್ರಿಯ ಊಹೆಗಳನ್ನೂ ಬಿಟ್ಟುಕೊಟ್ಟ ಎಂಬುದನ್ನು ಮರೆಯಬಾರದು.

ದೇಹವೆಂಬ ವಾದ್ಯ

ಬಸವಣ್ಣನವರು ಒಂದು ವಚನದಲ್ಲಿ ತಮ್ಮ ದೇಹವನ್ನೇ ವೀಣೆಯಾಗಿ ಕಲ್ಪಿಸಿಕೊಂಡದ್ದು ಕನ್ನಡಿಗರಿಗೆಲ್ಲ ಗೊತ್ತು. ಅದು ಭಕ್ತನ ರೂಪಕ. ಆದರೆ ದೇಹದಲ್ಲಿ ಅನುನಾದ ಎಂಬುದು ಅಕ್ಷರಶಃ ಇದೆ. ನಮ್ಮ ರಕ್ತದೊತ್ತಡ ಸುಮಾರು ಹತ್ತು ಸೆಕೆಂಡಿಗೊಮ್ಮೆ ತಾನಾಗಿ ತುಸು ಏರಿ ಇಳಿಯುತ್ತಿರುತ್ತದೆ. 2001ರಲ್ಲಿ ಇಟಲಿಯ ಪಾವಿಯಾದ ಲುಚಿಯಾನೊ ಬೆರ್ನಾರ್ಡಿ ಮತ್ತು ಸಂಗಡಿಗರು 23 ಮಂದಿ ಆರೋಗ್ಯವಂತರಿಂದ ಲ್ಯಾಟಿನ್ ಭಾಷೆಯ ಜಪಸರ ಪ್ರಾರ್ಥನೆಯನ್ನೂ ಬೌದ್ಧರ ‘ಓಂ ಮಣಿ ಪದ್ಮೇ ಹುಂ’ ಮಂತ್ರವನ್ನೂ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರಾಟ ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯಿತು. ನಿಮಿಷಕ್ಕೆ ಆರು ಎಂದರೆ ಹತ್ತು ಸೆಕೆಂಡಿಗೊಂದು! ಜೋಕಾಲಿಯನ್ನು ಅದರ ಓಟಕ್ಕೆ ಸರಿಯಾಗಿ ತಳ್ಳಿದಂತೆ ಉಸಿರು ಮತ್ತು ರಕ್ತದೊತ್ತಡದ ಲಯ ಕೂಡಿಕೊಂಡವು. ಒತ್ತಡವನ್ನು ಹತೋಟಿಯಲ್ಲಿಡುವ ನರಗಳ ಪ್ರತಿಕ್ರಿಯೆ ಚುರುಕಾಯಿತು. ಎರಡು ಧರ್ಮ, ಎರಡು ಭಾಷೆ, ಒಂದೇ ಲಯ.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 12 ಮಂದಿಯ ಮೇಲೆ ನಡೆಸಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ‘ಓಂ’ ಪಠಣವನ್ನು ‘ಸ್ಸ್...’ ಎಂಬ ಬರಿಯ ಸದ್ದಿನೊಂದಿಗೆ ಹೋಲಿಸಿದರು. ಓಂ ಹೇಳುವಾಗ ಮಿದುಳಿನಲ್ಲಿ ಭಾವೋದ್ವೇಗಕ್ಕೆ ಸಂಬಂಧಿಸಿದ ಕೆಲವು ಭಾಗಗಳ ಚಟುವಟಿಕೆ ತಗ್ಗಿತ್ತು. ಇದು ಪ್ರಾರಂಭಿಕ ಅಧ್ಯಯನ ಎಂದು ಸಂಶೋಧಕರೇ ಹೇಳಿದ್ದಾರೆ. ಹನ್ನೆರಡು ಮಂದಿಯಿಂದ ಲೋಕಕ್ಕೆಲ್ಲ ಔಷಧಿ ಬರೆದುಕೊಡಲಾಗದು. ಆದರೂ ‘ಸ್ಸ್’ ಅನ್ನು ಎದುರಿಗಿಟ್ಟುಕೊಂಡು ನೋಡಿದರಲ್ಲ, ಆ ಎಚ್ಚರಿಕೆಗೆ ನನ್ನ ನಮಸ್ಕಾರ. ಅದು ಶಾರ್ಙ್ಗದೇವನ ಧ್ರುವ ವೀಣೆ.

ಇಷ್ಟಾದ ಮೇಲೂ ಅಳತೆಗೆ ಸಿಗದ್ದು ಒಂದಿದೆ. ಕಿರಾನಾ ಘರಾಣೆಯ ಉಸ್ತಾದ್ ಅಬ್ದುಲ್ ಕರೀಂ ಖಾನರು ಕುಂದಗೋಳದ ಸವಾಯಿ ಗಂಧರ್ವರಿಗೆ ಗುರುಗಳು, ಆ ಮೂಲಕ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಗುರುವಿನ ಗುರುಗಳು. ತಂಬೂರಿಯ ಶ್ರುತಿಯ ವಿಷಯದಲ್ಲಿ ಬಹಳ ನಿಷ್ಠುರರು. 1937ರಲ್ಲಿ ಪಾಂಡಿಚೇರಿಗೆ ರೈಲಿನಲ್ಲಿ ಹೋಗುವಾಗ ಎದೆನೋವು ಬಂದು, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ತಂಬೂರಿಯನ್ನು ಶ್ರುತಿ ಮಾಡಿಸಿ, ದರ್ಬಾರಿ ರಾಗದಲ್ಲಿ ಪ್ರಾರ್ಥನೆ ಹಾಡುತ್ತ ಕೊನೆಯುಸಿರೆಳೆದರೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ಸಾಯುವ ಹೊತ್ತಿನಲ್ಲಿ ಮೊದಲು ಶ್ರುತಿ ಸರಿಯಾಗಲಿ ಎಂದವರು ಅವರು. ದರ್ಬಾರಿಯಲ್ಲಿ ಬರುವುದು ಕೋಮಲ ಗಾಂಧಾರ; ತಂಬೂರಿಯ ಸ್ವಯಂಭೂ ಗಾಂಧಾರಕ್ಕಿಂತ ಕೆಳಗಿನದು. ಎರಡನ್ನೂ ಒಟ್ಟಿಗೆ ಕೇಳುತ್ತ, ಒಂದಕ್ಕೊಂದು ತಾಗದಂತೆ ಹಾಡುವುದು ಹೇಗೆ ಎಂಬುದನ್ನು ಯಾವ ಸೂತ್ರವೂ ಹೇಳಿಕೊಡಲಾರದು.

ಮನೆಯಲ್ಲಿ ತಂಬೂರಿ ಇರುವವರು ಒಮ್ಮೆ ಹೀಗೆ ಮಾಡಿ. ಎಲೆಕ್ಟ್ರಾನಿಕ್ ಪೆಟ್ಟಿಗೆ ಬೇಡ, ಮರದ್ದೇ ಆಗಬೇಕು. ಫ್ಯಾನು, ಟಿ.ವಿ. ಆರಿಸಿರಲಿ. ಮಂದ್ರ ಷಡ್ಜದ ತಂತಿಯ ಉದ್ದವನ್ನು ಐದು ಸಮಭಾಗ ಮಾಡಿ, ಕುದುರೆಯ ಕಡೆಯಿಂದ ಮೊದಲ ಭಾಗ ಮುಗಿಯುವಲ್ಲಿ ಬೆರಳ ತುದಿಯನ್ನು ಒತ್ತದೆ, ಸುಮ್ಮನೆ ತಾಗಿಸಿ. ಕುದುರೆಗೂ ಬೆರಳಿಗೂ ನಡುವೆ ಮೀಟಿ, ತಕ್ಷಣ ಬೆರಳನ್ನು ಎತ್ತಿಬಿಡಿ. ತೆಳ್ಳಗೆ ಗಾಂಧಾರವೊಂದೇ ಕೇಳುತ್ತದೆ. ಕಿವಿಗೆ ಗುರುತು ಸಿಕ್ಕಿತಲ್ಲ? ಈಗ ಬೆರಳು ತಾಗಿಸದೆ ಅದೇ ತಂತಿಯನ್ನು ಎಂದಿನಂತೆ ಮೀಟಿ, ನೂಲನ್ನು ನಿಧಾನವಾಗಿ ಸರಿಸುತ್ತ ಹೋಗಿ. ಮೊದಲ ದಿನವೇ ಸಿಗದಿದ್ದರೆ ಇನ್ನೊಂದು ದಿನ ಕೂತು ನೋಡಿ. ಬೆಳಗಿನ ಜಾವವಾದರೆ ಇನ್ನೂ ಅನುಕೂಲ, ಬೀದಿಯಲ್ಲಿ ವಾಹನಗಳ ಸದ್ದಿರುವುದಿಲ್ಲ.